ನಿನ್ನ ಮನೆಯ ರೂಢಿ

ಜೇವರ್ಗಿ ಕಾಲೋನಿ, ಕಲಬುರಗಿ
೧೬ ಫೆಬ್ರುವರಿ ೨೦೨೫, ಭಾನುವಾರ

ಸೃಷ್ಟಿ ಸಂಜೆಯ ಬಸ್ಸಿಗೆ ಕಮಲಾಪುರಕ್ಕೆ ಹೊರಟಳು. ಅಮರನಾಥ ಅವಳನ್ನು ಬಿಡಲು ನಿಲ್ದಾಣಕ್ಕೆ ಹೋಗಿದ್ದಾರೆ. ಮನೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ.

ಪ್ರಿಯ ಫರೀದಾ,

ನೀನು ಆರಾಮವಾಗಿದ್ದೀಯೆಂದು ಮಗಳು ಹೇಳಿದಳು. ನಿನ್ನ ಯಜಮಾನರು ಲಾಲ್ ಅಹ್ಮದ್ ಅವರ ಕೆಮ್ಮೂ ಇಳಿದಿದೆಯಂತೆ. ಸಂಕ್ರಾಂತಿಗೆ ನೀನು ತೋಟದಿಂದ ಕಳಿಸಿದ ಕೆಂಪು ಬಾಳೆಹಣ್ಣಿಗೆ ಆಗಲೇ ಎರಡು ಸಾಲು ಬರೆಯಬೇಕಿತ್ತು. ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಯೋಗಿಕ ಪರೀಕ್ಷೆ ನಡೆಯುತ್ತಿತ್ತು. ಕೈಯಿಂದ ಅಮೋನಿಯದ ವಾಸನೆ ಹೋಗುವಷ್ಟರಲ್ಲಿ ಅಡುಗೆಯ ಹೊತ್ತು ಆಗಿರುತ್ತಿತ್ತು. ತಡವಾದದ್ದಕ್ಕೆ ಬೇಸರ ಬೇಡ. ಹಣ್ಣು ಚೆನ್ನಾಗಿದ್ದವು. ಅತ್ತೆ ಸಿಪ್ಪೆಯನ್ನೂ ಮೂಸಿ ನೋಡಿ ಎಸೆದರು.

ಫೋನ್ ಮಾಡಬಾರದೇ ಎಂದು ಕೇಳುತ್ತೀ. ಎಡಗಿವಿ ಮಂದವಾದ ಮೇಲೆ ನೀನು ಸ್ಪೀಕರ್ ಹಾಕಿಯೇ ಮಾತಾಡುವುದು. ನಿನಗೆಂದು ಹೇಳಿದ್ದನ್ನು ಲಾಲ್ ಅಹ್ಮದ್ ಕೇಳುತ್ತಾರೆ, ಮಹಡಿಯ ಕೋಣೆಯಲ್ಲಿರುವ ನನ್ನ ಮಗಳು ಕೇಳುತ್ತಾಳೆ, ನಡುನಡುವೆ ಅವರಿಬ್ಬರೂ ಉತ್ತರವನ್ನೂ ಕೊಡುತ್ತಾರೆ. ಕೆಲವು ಮಾತು ನಿನಗೊಬ್ಬಳಿಗೇ ಹೇಳುವಂಥವು. ಅದಕ್ಕೆ ಟಪಾಲು.

ಮೊದಲು ಉಪಕಾರದ ಮಾತು. ಸೃಷ್ಟಿ ಪಾಠ ಮಾಡುವ ನಿಮ್ಮೂರ ಶಾಲೆಯಲ್ಲಿ ಹತ್ತನೆಯ ತರಗತಿಗೆ ಬೆಳಗಿನ ವಿಶೇಷ ಪಾಠ ಶುರುವಾದಾಗ ಇಲ್ಲಿಂದ ಹೊರಡುವ ಬಸ್ಸು ಅವಳನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸುತ್ತಿರಲಿಲ್ಲ. "ಪರೀಕ್ಷಿ ಮುಗಿಯೋ ತನ ನಮ್ಮ ಮ್ಯಾಗಿನ ಖೋಲ್ಯಾಗ ಇರಲಿ ಬಿಡು. ಅಕಿ ನನ್ನ ಮಗಳಲ್ಲೇನು?" ಎಂದು ನೀನು ಅಂದೆ. ಆಗ ನಾನು ಆ ಮಾತಿನ ಮೊದಲ ಅರ್ಧವನ್ನಷ್ಟೇ ಗಮನಿಸಿದ್ದೆ.

ನಿನ್ನೆ ಬೆಳಿಗ್ಗೆ ಬಂದಳು. ಬಾಗಿಲು ತೆಗೆದದ್ದು ಅಮರನಾಥ. ಒಳಗೆ ರೊಟ್ಟಿ ಬಡಿಯುತ್ತಿದ್ದ ನನಗೆ ಅವರ ಧ್ವನಿ ಕೇಳಿಸಿತು.

"ಏನವ್ವಾ, ಮಾರಿ ಮ್ಯಾಲ ಭಾಳ ಲಕ್ಷಣ ಬಂದದಲ್ಲ! ಏನ್ ತಿಂತೀದಿ ಅಲ್ಲಿ?"

"ಬೈಗಳ ತಿಂತೀನಿ ಪಪ್ಪಾ. ನೆಟ್ಟಗ ನಿಂದ್ರು ಅಂತ ಖಾಲಾ ದಿನಾ ಬೈತಾಳ." ನಿನ್ನನ್ನು ಅವಳು ಚಿಕ್ಕಮ್ಮ ಎಂದದ್ದಿಲ್ಲ, ಮೊದಲಿನಿಂದಲೂ ಖಾಲಾ.

ಅತ್ತೆ ಅವಳನ್ನು ಹತ್ತಿರ ಕರೆದು, ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು. "ಕಣ್ಣಾಗಿನ ಕಪ್ಪು ಹೋಗ್ಯದ. ಫರೀದಾನ ಕೈಗುಣ ಛಲೋ ಅದ ನೋಡು ಮಲ್ಲಿಕಾ."

ನಾನು ರೊಟ್ಟಿ ತಿರುವಿ ಹಾಕಿದೆ. ಒಂದು ಮಗ್ಗುಲು ಹತ್ತಿಹೋಗಿತ್ತು.

ಕೈಗುಣವೋ ಮತ್ತೊಂದೋ, ಕಾರಣ ತಿಳಿಯದೆ ನನಗೆ ಸಮಾಧಾನವಿಲ್ಲ. ಎರಡು ದಿನ ಗಮನಿಸಿದೆ. ಎದ್ದ ಕೂಡಲೇ ಮೊಬೈಲು ಮುಟ್ಟುವುದಿಲ್ಲ. ಮುಖವನ್ನು ಬರಿಯ ನೀರಿನಿಂದ ತೊಳೆದು, ಒರೆಸಿಕೊಳ್ಳದೆ, ಹಾಗೆಯೇ ಆರಲು ಬಿಡುತ್ತಾಳೆ. ತುಟಿಗೆ ತುಪ್ಪ ಸವರುತ್ತಾಳೆ. ಊಟಕ್ಕೆ ನೆಲದ ಮೇಲೆ ಕೂರುತ್ತಾಳೆ, ಅಗಿದು ತಿನ್ನುತ್ತಾಳೆ. ಸಂಜೆ ಕಾಲು ತೊಳೆದು ಹಿಮ್ಮಡಿಗೆ ಎಣ್ಣೆ ತಿಕ್ಕುತ್ತಾಳೆ. ಹೊತ್ತಿಗೆ ಮಲಗುತ್ತಾಳೆ. ಇದೇನು ಪವಾಡ ಎಂದು ಕೇಳಿದರೆ, "ಲಾಲ್ ಮಾಮು ರಾತ್ರಿ ಇಶಾ ನಮಾಜ್ ಮುಗಿಸಿ ಬಂದವ್ರೇ ವೈಫೈ ಬಂದ್ ಮಾಡ್ತಾರಮ್ಮ, ಮಲಗಲಾರ್ದೆ ಏನ್ ಮಾಡ್ಲಿ?" ಎಂದು ನಕ್ಕಳು.

ಫರೀದಾ, ಇದರಲ್ಲಿ ನಾನು ಹೇಳದೆ ಇದ್ದದ್ದು ಯಾವುದು? ನೀರು ಕುಡಿ ಎಂದು ಅವಳ ಬಾಟಲಿಯ ಮೇಲೆ ಗಂಟೆಗೊಂದು ಗೆರೆ ಎಳೆದು ಕೊಟ್ಟವಳು ನಾನು. ಬಾಟಲಿ ತುಂಬಿದ ಹಾಗೆಯೇ ಸಂಜೆ ಮನೆಗೆ ಬರುತ್ತಿತ್ತು. ನೀನು ತಾಮ್ರದ ತಂಬಿಗೆ ಎದುರಿಗಿಟ್ಟು, "ನನ್ನ ಗಂಟಲ ಒಣಗ್ಯದ, ನಿಂದೂ ಒಣಗಿರ್ತದ, ತಾ, ಇಬ್ರೂ ಕುಡ್ಯಾಮು" ಅಂದೆಯಂತೆ. ಅಷ್ಟಕ್ಕೇ ಕುಡಿಯುತ್ತಾಳೆ. ನಾನು ಹೇಳಿದಾಗ ಅದು ಉಪದೇಶ, ನೀನು ಹೇಳಿದಾಗ ರೂಢಿ.

ಇಂದು ಬೆಳಿಗ್ಗೆ ಬಚ್ಚಲ ಹೊರಗಿನ ಕನ್ನಡಿಯ ಮುಂದೆ ಅವಳು ಯಾರೊಂದಿಗೋ ಮಾತಾಡುತ್ತಿದ್ದಳು.

"ಸಲಾಂ ಸೃಷ್ಟಿಬಾಯಿ. ಹೆಂಗಿದ್ದೀರಿ?" ಸ್ವಲ್ಪ ತಡೆದು, ಬೇರೆ ಧ್ವನಿಯಲ್ಲಿ, "ಆರಾಮ್ ಇದ್ದೀನ್ರೀ. ನೀವು?"

"ಯಾರ ಜೋಡಿ ಮಾತಾಡಾಕತ್ತೀದಿ?" ಎಂದೆ.

"ನನ್ನ ಜೋಡಿ. ಖಾಲಾನ ಮನಿ ರೂಢಿ ಅದ ಅಮ್ಮ. ಮುಂಜಾನೆ ಎದ್ದು ಮೊದಲ ಕನ್ನಡಿಗಿ ಸಲಾಂ ಹೊಡೀಬೇಕು. ಉತ್ತರ ಬರೋ ತನ ಅಲ್ಲಿಂದ ಸರೀಬಾರ್ದು."

ಅವಳು ಕನ್ನಡಿಯನ್ನು ನೇರವಾಗಿ ನೋಡುತ್ತಿದ್ದಳು. ಅದು ನನಗೆ ಹೊಸದು. ಎಂಟನೆಯ ವಯಸ್ಸಿನಲ್ಲಿ ಅವಳ ಎಡಗೆನ್ನೆಯ ಮೇಲೆ, ಬಾಯಿಯ ಅಂಚಿನಿಂದ ಕಿವಿಯ ಕಡೆಗೆ, ಬಿಳಿ ಮಚ್ಚೆ ಬಂದದ್ದು ನಿನಗೆ ಗೊತ್ತು. ಜನ ಅದನ್ನು ತೊನ್ನು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಆ ಶಬ್ದ ಇಲ್ಲ. ಅವಳಿಗೆ ನಾನೂ ರೂಢಿಗಳನ್ನು ಕಲಿಸಿದೆ: ಫೋಟೋದಲ್ಲಿ ಬಲಗೆನ್ನೆ ಮುಂದಿರಲಿ, ತರಗತಿಯಲ್ಲಿ ಎಡಕ್ಕೆ ಗೋಡೆ ಇರುವಲ್ಲಿ ಕೂತುಕೋ, ಕೂದಲು ಮುಂದೆ ಬಿಡು, ಬಾಗಿಲು ಬಡಿದರೆ ಮೊದಲು ಪೌಡರು, ಆಮೇಲೆ ಚಿಲಕ. ಆ ಪೌಡರನ್ನು ಕಲಸಿದ್ದು ನಾನೇ. ಮೂರು ಬಣ್ಣದ ಪುಡಿಗಳನ್ನು ಅವಳ ಚರ್ಮಕ್ಕೆ ಹೊಂದುವಂತೆ ಬೆರೆಸಿ, ಬೇಸಿಗೆಗೆ ಒಂದು ಛಾಯೆ, ಚಳಿಗೆ ಇನ್ನೊಂದು. ನೆಂಟರಲ್ಲಿ ಹಲವರಿಗೆ ಈವರೆಗೆ ಏನೂ ಗೊತ್ತಿಲ್ಲ. ಆ ಕೆಲಸವನ್ನು ಯಾರೂ ಹೊಗಳುವಂತಿಲ್ಲ, ಏಕೆಂದರೆ ಅದು ಚೆನ್ನಾಗಿ ಆಗಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಈ ಸಲವೂ ಹೊಸ ಡಬ್ಬಿ ಕೊಡಲು ಹೋದೆ. "ಹಳೇದು ಇನ್ನೂ ಅದ ಅಮ್ಮ" ಎಂದಳು. ಅವಳು ಸ್ನಾನಕ್ಕೆ ಹೋದಾಗ ಚೀಲದಲ್ಲಿ ನೋಡಿದೆ. ಹಳೆಯ ಡಬ್ಬಿಯ ಪುಡಿ, ನಾನು ಚಮಚದ ಬೆನ್ನಿನಿಂದ ಒತ್ತಿ ಸಮ ಮಾಡಿದ್ದ ಹಾಗೆಯೇ ಇತ್ತು.

ನಿನ್ನ ಮೇಲೆ ದೂರು ಹೇಳುತ್ತಿಲ್ಲ. ಬ್ರಹ್ಮಪುರದ ನಮ್ಮ ಶಾಲೆಯಲ್ಲಿ ಸೋಮವಾರದ ಉಗುರು ತಪಾಸಣೆ ನೆನಪಿದೆಯೇ? ಟೀಚರು ನಿನ್ನ ಕೈ ಎತ್ತಿ ಇಡೀ ತರಗತಿಗೆ ತೋರಿಸುತ್ತಿದ್ದರು. ನಿಮ್ಮ ರೋಜಾ ಬಡಾವಣೆಯಿಂದ ಧೂಳಿನಲ್ಲಿ ನಡೆದು ಬಂದರೂ ನಿನ್ನ ರಿಬ್ಬನ್ನು, ನಿನ್ನ ಕಣ್ಣಿನ ಸುರ್ಮಾ, ನಿನ್ನ ಉಗುರು ಒಂದೂ ಕೆಡುತ್ತಿರಲಿಲ್ಲ. ನನ್ನ ಉಗುರೂ ಅಷ್ಟೇ ಸ್ವಚ್ಛವಾಗಿದ್ದವು. ಇದನ್ನು ದಾಖಲೆಗಾಗಿ ಹೇಳುತ್ತಿದ್ದೇನೆ, ಅಷ್ಟೇ.

ಏಪ್ರಿಲ್ ಮೊದಲ ವಾರಕ್ಕೆ ಪರೀಕ್ಷೆ ಮುಗಿಯುತ್ತದೆ. ಆಮೇಲೆ ರಜೆ. ಜೂನ್‌ನಿಂದ ಅವಳು ಮೊದಲಿನಂತೆ ಇಲ್ಲಿಂದಲೇ ಓಡಾಡುತ್ತಾಳೆ. ಹಾಗೆಂದೇ ನಾವು ಮಾತಾಡಿಕೊಂಡದ್ದು. ನಿನಗೂ ನೆನಪಿರಲಿ.

ನಿನ್ನ
ಮಲ್ಲಿಕಾ

ತಾ.ಕ.: ಶುಕ್ರವಾರ ಅಂಗಳದಲ್ಲಿ ಕೂರಿಸಿ ತಲೆಗೆ ಹಚ್ಚುವ ಎಣ್ಣೆಗೆ ಏನೇನು ಹಾಕುತ್ತೀ? ಕೇಳಿದ್ದು ಅತ್ತೆ, ನಾನಲ್ಲ.


ಕಲಬುರಗಿ
೧೧ ಮೇ ೨೦೨೫, ಭಾನುವಾರ

ಸೃಷ್ಟಿ ಮನೆಯಲ್ಲಿದ್ದಾಳೆ. ಈಗ ಅಜ್ಜಿಯ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾಳೆ. ನಾನು ಬಾಗಿಲು ಮುಂದೆ ಮಾಡಿಕೊಂಡು ಬರೆಯುತ್ತಿದ್ದೇನೆ.

ಪ್ರಿಯ ಫರೀದಾ,

ಈದ್‌ಗೆ ಬರುತ್ತೇನೆಂದು ಬರಲಿಲ್ಲ. ಕ್ಷಮಿಸು. ನೀನು ಕಳಿಸಿದ ಶೀರ್ ಖುರ್ಮಾ ಪಾಯಸದ ಡಬ್ಬಿಯನ್ನು ತೊಳೆದು ಎತ್ತಿಟ್ಟಿದ್ದೇನೆ, ಖಾಲಿ ಡಬ್ಬಿ ಹಿಂದಿರುಗಿಸಲು ಮನಸ್ಸಾಗದೆ ಹಾಗೇ ಉಳಿದಿದೆ. ಎಣ್ಣೆಯ ಬಗ್ಗೆ ನೀನು ಮಗಳ ಕೈಯಲ್ಲಿ ಹೇಳಿ ಕಳಿಸಿದ್ದು ತಲುಪಿತು. ಮೆಂತ್ಯ, ಕರಿಬೇವು, ಒಂದು ಹಿಡಿ ದಾಸವಾಳ. ನಾನು ಬೇರೇನೋ ಇರುತ್ತದೆಂದುಕೊಂಡಿದ್ದೆ.

ಬಿಸಿಲು ವಿಪರೀತ. ಹೊರಗೆ ಕಾಲಿಟ್ಟರೆ ಚಪ್ಪಲಿಯೇ ಅಂಟುತ್ತದೆ. ನೀವಿಬ್ಬರೂ ಮಧ್ಯಾಹ್ನ ತೋಟದ ಕಡೆ ಹೋಗಬೇಡಿ.

ರಜೆಗೆ ಮಗಳು ಮನೆಗೆ ಬರುತ್ತಾಳೆ ಎಂದುಕೊಂಡಿದ್ದೆ. ಬಂದದ್ದು ನಿನ್ನ ಮನೆ. ಬಂದ ವಾರದೊಳಗೆ ಫ್ರಿಜ್ಜಿನ ಪಕ್ಕದಲ್ಲಿ ಮಣ್ಣಿನ ಹೂಜಿ ಬಂತು. ಊಟದ ಟೇಬಲ್ಲು ಗೋಡೆಗೆ ಸರಿದು ನೆಲದ ಮೇಲೆ ಚಾಪೆ ಬಿತ್ತು. "ಮಂಡಿ ನೋಯ್ತಾವ" ಎನ್ನುತ್ತಿದ್ದ ಅಮರನಾಥ ಈಗ ಚಕ್ಕಳಮಕ್ಕಳ ಹಾಕಿ ಕೂತು, "ಹಿಂಗ ಕುಂತ್ರ ಹೊಟ್ಟಿ ಹಗುರ ಅನಸ್ತದಲ್ಲ ಮಲ್ಲಿಕಾ?" ಎಂದು ನನ್ನನ್ನೇ ಕೇಳುತ್ತಾರೆ. ಮೂವತ್ತು ವರ್ಷದಿಂದ ನಾನು ಹೇಳಿದ ಒಂದು ಮಾತಿಗೂ ಹಗುರವಾಗದ ಹೊಟ್ಟೆ ಅದು. ಗಡ್ಡವನ್ನು ದಿನಾ ಹೆರೆದುಕೊಳ್ಳುತ್ತಿದ್ದಾರೆ. ನಿನ್ನೆ ಕನ್ನಡಿಯ ಮುಂದೆ ನಿಂತು, ಯಾರೂ ಇಲ್ಲವೆಂದು ನೋಡಿಕೊಂಡು, ಹಣೆಗೆ ಕೈ ಹಚ್ಚಿದರು. ನಾನು ನೋಡಿದ್ದು ಅವರಿಗೆ ಗೊತ್ತಿಲ್ಲ.

ಶುಕ್ರವಾರ ಎಣ್ಣೆ. ಹಿಂದಿನ ಕಟ್ಟೆಯ ಮೇಲೆ ಅಜ್ಜಿ, ಅಪ್ಪ ಸಾಲಾಗಿ ಕೂತರು. ಸೃಷ್ಟಿ ತೋಳೇರಿಸಿ ನಿಂತಿದ್ದಳು.

"ಅಮ್ಮಾ, ಬಾ, ನಿನ್ನ ತಲೀನೂ ತಿಕ್ತೀನಿ."

"ನನಗ ಕೆಲಸ ಅದ."

"ರಜಾದಾಗ ಎಂಥಾ ಕೆಲಸ?"

"ಅಕಿ ಪ್ರೊಫೆಸರ್ ಇದ್ದಾಳವ್ವ," ಎಂದರು ಅತ್ತೆ, "ಅಕಿ ತಲಿಗಿ ಎಣ್ಣಿ ಇಳಿಯಂಗಿಲ್ಲ."

ಎಲ್ಲರೂ ನಕ್ಕರು. ಕೆಲಸವಿರಲಿಲ್ಲ. ಒಳಗೆ ಹೋಗಿ ಮಡಿಚಿಟ್ಟ ಬಟ್ಟೆಗಳನ್ನು ಬಿಚ್ಚಿ ಮತ್ತೆ ಮಡಿಚಿದೆ. ನಗು ಕಿಟಕಿಯಿಂದ ಒಳಗೆ ಬರುತ್ತಲೇ ಇತ್ತು. ಇದಕ್ಕೆ ಇರುವ ಶಬ್ದ ಹೊಟ್ಟೆಕಿಚ್ಚು, ಬೇರೆ ಯಾವುದೂ ಒಪ್ಪುವುದಿಲ್ಲ. ಬರೆದಿದ್ದೇನೆ, ಓದಿಕೋ.

ಇನ್ನೊಂದನ್ನೂ ಹೇಳಿಬಿಡುತ್ತೇನೆ, ನಿನಗೆ ನಗಲು ಬೇಕಾದೀತು. ಬಾಳೆಸಿಪ್ಪೆಯ ಒಳಮೈಯನ್ನು ಹಿಮ್ಮಡಿಗೆ ಉಜ್ಜಿದರೆ ಬಿರುಕು ಮುಚ್ಚುತ್ತವೆಂದು ನೀನು ಹೇಳಿದ್ದೀಯಂತೆ. ಮಗಳು ಅಜ್ಜಿಗೆ ಹೇಳುವಾಗ ಅಡುಗೆಮನೆಯಿಂದ ಕೇಳಿಸಿಕೊಂಡೆ. ಯಾರಿಗೂ ಕಾಣದ ಹಾಗೆ ಮಾರುಕಟ್ಟೆಯಿಂದ ಹಣ್ಣು ತಂದೆ. ಕಮಲಾಪುರದ್ದು ಸಿಗಲಿಲ್ಲ, ಏಲಕ್ಕಿ ಬಾಳೆ ಸಿಕ್ಕಿತು. ಮಧ್ಯಾಹ್ನ ಎರಡೂ ಹಿಮ್ಮಡಿಗೆ ಚೆನ್ನಾಗಿ ಉಜ್ಜಿ, ಕಾಲ ಮೇಲೆ ಚಾದರ ಎಳೆದುಕೊಂಡು ಮಲಗಿದೆ. ಉಜ್ಜಿದ ಮೇಲೆ ತೊಳೆಯಬೇಕು ಎಂಬ ಭಾಗ ಒಗ್ಗರಣೆಯ ಸದ್ದಿನಲ್ಲಿ ನನಗೆ ಬಂದಿರಲಿಲ್ಲ.

ಎಚ್ಚರವಾದದ್ದು ಅಮರನಾಥರ ಕೂಗಿಗೆ. "ಏ ಮಲ್ಲಿಕಾ! ಹಾಸಿಗಿ ತುಂಬ ಇರಿವಿ! ಗೋಡಿ ಇಳದು ಸಾಲಾಗಿ ಬರಾಕತ್ತಾವ!"

ಅತ್ತೆ ಬಾಗಿಲಲ್ಲಿ ನಿಂತು ನನ್ನ ಕಾಲು ನೋಡಿದರು, ಮೂಸಿದರು. "ಬಾಳಿಹಣ್ಣಿನ ವಾಸ್ನಿ! ಅಯ್ಯ ನನ್ನವ್ವ, ಹಣ್ಣ ಬಾಯಲೆ ತಿನ್ನೋದು ಬಿಟ್ಟು ಕಾಲಲೆ ತಿಂತೀಯೇನ?"

ಸೃಷ್ಟಿ ಗೋಡೆ ಹಿಡಿದುಕೊಂಡು ನಕ್ಕಳು. ಆಮೇಲೆ ಬಕೆಟ್ಟಿನಲ್ಲಿ ನೀರು ತಂದು ನನ್ನ ಕಾಲು ತೊಳೆಯಲು ಕೂತಳು. "ನನ್ನನ್ನ ಕೇಳಬಾರದೇನಮ್ಮ? ನಾ ಹಚ್ಚತಿದ್ದೆ" ಎಂದಳು. ನಾನು ಕಾಲು ಹಿಂದಕ್ಕೆಳೆದುಕೊಂಡು ಬಚ್ಚಲಿಗೆ ಹೋದೆ.

ಇಲ್ಲಿಯವರೆಗಿನದೆಲ್ಲ ನಗೆಯ ಮಾತು. ಮುಂದಿನದು ಹಾಗಲ್ಲ.

ಕಳೆದ ಬುಧವಾರ ಬ್ರಹ್ಮಪುರದಲ್ಲಿ ದೇವಿಂದ್ರಪ್ಪ ಮಾವನ ಮೊಮ್ಮಗನ ಮದುವೆ ಇತ್ತು. ಹೊರಡುವ ಹೊತ್ತಿಗೆ ಸೃಷ್ಟಿ ಕೂದಲನ್ನು ಹಿಂದಕ್ಕೆ ಬಿಗಿಯಾಗಿ ಎಳೆದು ತುರುಬು ಕಟ್ಟಿ, ಮಲ್ಲಿಗೆ ಮುಡಿದು ಬಂದಳು. ಹಸಿರು ಇಳಕಲ್ ಸೀರೆ. ಕೆನ್ನೆ ಬರಿದಾಗಿತ್ತು. ನಾನು ಡಬ್ಬಿ ತೆಗೆದುಕೊಂಡು ಹತ್ತಿರ ಹೋದೆ.

"ಬ್ಯಾಡ ಅಮ್ಮ. ಬಿಸಲಾಗ ಬೆವರಿಗಿ ಕಲಸ್ತದ."

"ಕಲಸಂಗಿಲ್ಲ. ನಾ ಬ್ಯಾಸಗಿಗಂತನ ಮಾಡೀನಿ."

"ಗೊತ್ತದ. ಬ್ಯಾಡ."

ಮಂಟಪದಲ್ಲಿ ದೇವಿಂದ್ರಪ್ಪ ಮಾವನ ಹೆಂಡತಿ ಅವಳ ಎದುರು ನಿಂತು, ಕನ್ನಡಕ ಸರಿಮಾಡಿಕೊಂಡು, ಸುತ್ತ ಇದ್ದವರಿಗೆಲ್ಲ ಕೇಳುವ ಹಾಗೆ, "ಅಯ್ಯಯ್ಯ ಮಲ್ಲಿಕಾ, ನಿನ್ನ ಮಗಳಿಗಿ ಇದು ಯಾವಾಗಿಂದ ಬಂತ?" ಎಂದರು.

ಎಷ್ಟೋ ವರ್ಷದಿಂದ ನಾನು ಆ ಪ್ರಶ್ನೆಗೆ ಉತ್ತರ ಸಿದ್ಧಮಾಡಿ ಇಟ್ಟುಕೊಂಡಿದ್ದೆ. ಅಲರ್ಜಿ, ಔಷಧಿ ನಡೆದಿದೆ, ಕಡಿಮೆಯಾಗುತ್ತಿದೆ. ಅವುಗಳ ಬದಲು ನನ್ನ ಕೈ ಚೀಲದೊಳಗಿನ ಡಬ್ಬಿಗೆ ಹೋಯಿತು.

"ಎಂಟನೇ ವರ್ಷದಿಂದ್ರೀ ಅಜ್ಜಿ," ಎಂದಳು ಸೃಷ್ಟಿ, ಹೆಗಲು ನೆಟ್ಟಗೆ ಮಾಡಿ. "ನೀವು ನೋಡಿದ್ದು ಇವತ್ತ. ಊಟಕ್ಕ ಕುಂದ್ರಾಮೇನ್ರೀ? ಹುಗ್ಗಿ ವಾಸ್ನಿ ಇಲ್ಲೀ ತನ ಬರಾಕತ್ತದ."

ಆ ಮುದುಕಿ ತಬ್ಬಿಬ್ಬಾಗಿ, "ಹೂಂ, ನಡಿ ಯವ್ವಾ" ಎಂದು ಅವಳ ಕೈ ಹಿಡಿದುಕೊಂಡೇ ಊಟಕ್ಕೆ ಹೋದಳು.

ನೀನಾಗಿದ್ದರೆ ಹೆಮ್ಮೆಪಡುತ್ತಿದ್ದೆ. ನಾನೂ ಪಟ್ಟೆ. ಆದರೆ ಅದರ ಕೆಳಗೆ ಇನ್ನೊಂದು ಇತ್ತು. ಆ ನೆಟ್ಟಗಾದ ಹೆಗಲು ನಿನ್ನದು. ಆ ಉತ್ತರದ ಧಾಟಿ ನಿನ್ನದು. ರೋಜಾದ ಹುಡುಗಿ ಟೀಚರಿಗೆ ಹೀಗೇ ಉತ್ತರ ಕೊಡುತ್ತಿದ್ದಳು. ಹೆತ್ತವಳು ಪಕ್ಕದಲ್ಲಿ ಪೌಡರಿನ ಡಬ್ಬಿ ಚೀಲದಲ್ಲಿಟ್ಟುಕೊಂಡು ಮೂಕಳಾಗಿ ನಿಂತಿದ್ದಳು.

ಮನೆಗೆ ಬಂದ ಮೇಲೆ ಅವಳು ಮಲ್ಲಿಗೆ ತೆಗೆಯುತ್ತ ಸಹಜವಾಗಿ ಹೇಳಿದಳು: "ಅಮ್ಮಾ, ನಾ ಬರೋ ವರ್ಷನೂ ಖಾಲಾನ ಮನ್ಯಾಗ ಇರ್ತೀನಿ."

"ಯಾಕ? ಪರೀಕ್ಷಿ ಮುಗದಾವಲ್ಲ. ಇಲ್ಲಿಂದ ಬಸ್ಸಿಗಿ ಒಂದ ತಾಸು."

"ಬಸ್ಸಿನ ಮಾತಲ್ಲ."

"ಮತ್ತೇನ? ಈ ಮನ್ಯಾಗ ನಿನಗ ಏನ್ ಕಮ್ಮಿ ಆಗ್ಯದ?"

ಅವಳು ಹೂವನ್ನು ತಟ್ಟೆಯಲ್ಲಿಟ್ಟಳು. "ಕಮ್ಮಿ ಏನಿಲ್ಲಮ್ಮ. ಅಲ್ಲಿ ನನ್ನ ಮಾರಿ ನನಗ ನೆನಪಿರಂಗಿಲ್ಲ, ಅಷ್ಟೇ."

ಅವಳು ಮಲಗಲು ಹೋದಳು. ನಾನು ಆ ವಾಕ್ಯವನ್ನು ಎಷ್ಟು ತಿರುವಿ ನೋಡಿದರೂ ಅದರಲ್ಲಿ ನನ್ನ ಮೇಲೆ ಒಂದು ಆರೋಪವೂ ಇರಲಿಲ್ಲ. ಆರೋಪ ಇದ್ದಿದ್ದರೆ ವಾದಿಸಬಹುದಿತ್ತು.

ಫರೀದಾ, ಈಗ ಕೇಳುವುದನ್ನು ಕೇಳುತ್ತೇನೆ. ಕೋಣೆ ಕೊಡಲು ಆಗುವುದಿಲ್ಲವೆಂದು ನೀನೇ ಅವಳಿಗೆ ಹೇಳು. ನೆಂಟರು ಬರುತ್ತಾರೆ ಅನ್ನು, ಲಾಲ್ ಅಹ್ಮದ್ ಅವರಿಗೆ ಮಹಡಿ ಬೇಕು ಅನ್ನು, ಏನಾದರೂ ಅನ್ನು. ನಾನು ಹೇಳಿದರೆ ಅವಳು ಕೇಳುವುದಿಲ್ಲ. ನೀನು ಹೇಳಿದರೆ ಕೇಳುತ್ತಾಳೆ. ಈ ಸಾಲನ್ನು ಬರೆಯಲು ನನಗೆ ಎಷ್ಟು ಕಷ್ಟವಾಯಿತೆಂದು ನಿನಗೆ ಹೇಳಬೇಕಾಗಿಲ್ಲ. ನನ್ನ ಮಗಳನ್ನು ನನ್ನ ಮನೆಗೆ ಕಳಿಸು.

ನಿನ್ನ
ಮಲ್ಲಿಕಾ


ಕಲಬುರಗಿ
೧೨ ಜೂನ್ ೨೦೨೫, ಗುರುವಾರ

ಶಾಲೆ ಶುರುವಾಗಿದೆ. ಮಕ್ಕಳ ದಾಖಲಾತಿ ಮುಗಿಯುವವರೆಗೆ ಎಂದು ಸೃಷ್ಟಿ ಕಮಲಾಪುರಕ್ಕೆ ಹೋಗಿದ್ದಾಳೆ. ಈ ವರ್ಷ ಎಲ್ಲಿರುವುದೆಂಬ ಮಾತು ಇತ್ಯರ್ಥವಾಗಿಲ್ಲ.

ಪ್ರಿಯ ಫರೀದಾ,

ನಿನ್ನೆ ಮಧ್ಯಾಹ್ನ ನೀನು ಫೋನ್ ಮಾಡಿದಾಗ ನಾನು ಹೂಂ, ಹೂಂ ಎಂದಷ್ಟೇ ಅಂದು ಇಟ್ಟುಬಿಟ್ಟೆ. ಕೋಪದಿಂದಲ್ಲ. ಸ್ಪೀಕರಿನಲ್ಲಿ ಲಾಲ್ ಅಹ್ಮದ್ ಕೆಮ್ಮಿದ್ದು ಕೇಳಿಸಿತು. ಅವರ ಎದುರಿಗೆ ನನ್ನ ಧ್ವನಿ ಹೇಗೆ ಬರುತ್ತಿತ್ತೋ ನನಗೇ ಭರವಸೆ ಇರಲಿಲ್ಲ.

ನನ್ನ ಹಿಂದಿನ ಪತ್ರಕ್ಕೆ ತಿಂಗಳಾದರೂ ನೀನು ಉತ್ತರಿಸಲಿಲ್ಲ ಎಂದು ಮನಸ್ಸಿನಲ್ಲಿ ಬೈದುಕೊಳ್ಳುತ್ತಿದ್ದೆ. ನೀನು ತಡಮಾಡಿದ್ದು ಯಾಕೆಂದು ನಿನ್ನೆ ತಿಳಿಯಿತು. "ಮಲ್ಲಿ, ನೀ ಹೇಳಿದ ಸುಳ್ಳ ನಾಕ್ ಸಲ ಬಾಯಿ ತನ ತಂದೀನಿ ನೋಡು. ಹೊಳ್ಳಿ ಒಳಗ ಹೋಗ್ತದ. ಖೋಲಿ ಖಾಲಿ ಅದ, ಅಕಿ ಕಣ್ಣಿಗಿ ಕಾಣ್ತದ. ನೀ ಬ್ಯಾಡ ಅಂದ್ರ, ನಿಮ್ಮವ್ವ ಬ್ಯಾಡ ಅಂದಾಳ ಅಂತ ಹೇಳಿ, ಅಕಿ ಗಂಟ ನಾನೇ ಬಸ್ಸಿನಾಗ ಇಟ್ಟು ಬರ್ತೀನಿ. ಖರೇ. ಆದ್ರ ನನಗ ಅಕಿ ಬ್ಯಾಡ ಅಂತ ಹೇಳು ಅಂದ್ರ, ನಕ್ಕೋ ಮಾ, ಬ್ಯಾಡವ್ವ, ನನ್ನಿಂದ ಆಗಂಗಿಲ್ಲ."

ಅದಾದ ಮೇಲೆ ನೀನು ನಗುತ್ತ ಇನ್ನೊಂದು ಮಾತೂ ಹೇಳಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕೋಣೆಯದು. ಇರಲಿ. ಈ ವರ್ಷ ಅವಳು ನಿಮ್ಮಲ್ಲಿಯೇ ಇರಲಿ. ಇದನ್ನು ದೊಡ್ಡ ಮನಸ್ಸಿನಿಂದ ಬರೆಯುತ್ತಿದ್ದೇನೆಂದು ತಿಳಿಯಬೇಡ. ಹೊಟ್ಟೆಕಿಚ್ಚು ಇದ್ದಲ್ಲೇ ಇದೆ, ಊಟ ನಿದ್ರೆ ಮಾಡಿಕೊಂಡು ಆರೋಗ್ಯವಾಗಿದೆ. ಆದರೆ ಅವಳು ಇಲ್ಲದ ಈ ಹತ್ತು ದಿನ ಮನೆಯಲ್ಲಿ ಅವಳು ಹಾಕಿದ ಚಾಪೆ ಹಾಗೆಯೇ ಇದೆ. ಅಮರನಾಥ ನೆಲದ ಮೇಲೆ ಕೂರುತ್ತಾರೆ. ಅತ್ತೆ ಹೂಜಿಗೆ ನೀರು ತುಂಬುತ್ತಾರೆ. ಎತ್ತಿಡಲು ಹೋದರೆ ಇಬ್ಬರೂ ಬೈಯುತ್ತಾರೆ. ನಾನೊಬ್ಬಳೇ ಟೇಬಲ್ಲಿನಲ್ಲಿ ಕೂತು ಊಟ ಮಾಡುತ್ತಿದ್ದೆ. ಸೋಮವಾರದಿಂದ ನಾನೂ ಕೆಳಗೆ ಕೂರುತ್ತಿದ್ದೇನೆ. ಅತ್ತೆ ಸ್ವಲ್ಪ ಸರಿದು ಜಾಗ ಕೊಟ್ಟರು.

ಅವಳಿಗೆ ಇನ್ನೂ ಹೇಳಿಲ್ಲ. ನೀನೂ ಹೇಳಬೇಡ. ಭಾನುವಾರ ಮುಂಜಾನೆಯ ಬಸ್ಸಿಗೆ ನಾನೇ ಬರುತ್ತೇನೆ. ಅವಳ ಬಟ್ಟೆ, ಪುಸ್ತಕ, ಒಂದು ಡಬ್ಬಿ ಶೇಂಗಾ ಹಿಂಡಿ ತರುತ್ತೇನೆ. ಈ ಪತ್ರ ಶನಿವಾರ ನಿನ್ನ ಕೈ ಸೇರಬೇಕು. ಸೇರದಿದ್ದರೂ ಬರುತ್ತೇನೆ.

ಲಾಲ್ ಅಹ್ಮದ್ ಅವರಿಗೆ ಕೆಮ್ಮಿಗೆ ಬಿಸಿನೀರು ಕುಡಿಯುವುದನ್ನು ಬಿಡಬಾರದೆಂದು ಹೇಳು. ಮಳೆ ಹೊತ್ತಿಗೆ ಬಂದು ನಿಮ್ಮ ತೋಟ ಚೆನ್ನಾಗಿರಲಿ. ನೀನು ಇನ್ನೂ ಬಹಳ ವರ್ಷ ಸುರ್ಮಾ ಹಚ್ಚಿಕೊಂಡು ನನ್ನನ್ನು ಉರಿಸುತ್ತಿರು. ಇದು ಹಾರೈಕೆ ಎಂದೇ ತಿಳಿ.

ನಿನ್ನ
ಮಲ್ಲಿಕಾ

ತಾ.ಕ.: ನೀನು ನಗುತ್ತ ಹೇಳಿದ ಮಾತು. ನೀನು ಮೊದಲ ಸಲ ಹೆಬ್ಬೆರಳಿನಿಂದ ಅವಳ ಮಚ್ಚೆಗೆ ಎಣ್ಣೆ ಹಚ್ಚಿದಾಗ ಅವಳು ನಿನ್ನ ಕೈ ಹಿಡಿದು, "ಖಾಲಾ, ಇಲ್ಲಿ ಯಾರ ಬೆರಳೂ ಮುಟ್ಟಿಲ್ಲ. ಅಮ್ಮ ಸೈತ ಔಷಧಾ ಹತ್ತಿಲೆ ಹಚ್ಚತಿದ್ಲು" ಅಂದಳಂತೆ. "ನಿಮ್ಮವ್ವ ಲ್ಯಾಬಿನಾಕಿ, ಉಪ್ಪನ್ನೂ ಇಕ್ಕಳದಿಂದ ಹಾಕ್ತಾಳ" ಎಂದು ನೀನು ಅವಳನ್ನು ನಗಿಸಿದೆಯಂತೆ.

ಅವಳು ಚಿಕ್ಕವಳಿದ್ದಾಗ ಮಚ್ಚೆಗೆ ಹಚ್ಚುತ್ತಿದ್ದ ಲೋಷನ್ನು ತೀಕ್ಷ್ಣವಾದದ್ದು. ಬೆರಳಿಗೆ ತಾಗಿ ಬಿಸಿಲು ಬಿದ್ದರೆ ಚರ್ಮ ಸುಡುತ್ತದೆ, ಹತ್ತಿಯಿಂದ ಮಚ್ಚೆಯ ಮೇಲಷ್ಟೇ ಹಚ್ಚಿ ಎಂದು ಡಾಕ್ಟರು ಹೇಳಿದ್ದರು. ಹೇಳಿದ್ದನ್ನು ಹೇಳಿದ ಹಾಗೆ ಮಾಡಿದೆ. ಒಂದು ದಿನ ತಪ್ಪಿಸಲಿಲ್ಲ. ಔಷಧಿ ನಿಂತ ಮೇಲೆ ಪೌಡರು ಬಂತು, ಅದಕ್ಕೆ ಸ್ಪಂಜು ಇತ್ತು. ಅವಳು ಹತ್ತಿಯನ್ನು ಲೆಕ್ಕಕ್ಕೆ ಹಿಡಿಯುತ್ತಿದ್ದಾಳೆಂದು ನನಗೆ ಹೊಳೆಯಲೇ ಇಲ್ಲ. ಅವಳು ಕೇಳಲಿಲ್ಲ, ನನಗೆ ಅಸಹ್ಯವೆಂದುಕೊಂಡು ಸುಮ್ಮನಿದ್ದಳು. ಅದನ್ನು ನಿನಗೆ ಹೇಳಿದಳು, ನನಗಲ್ಲ. ಅದಕ್ಕಿಂತ ಹೆಚ್ಚು ನೋಯುವುದು ಇನ್ನೊಂದು. ನನ್ನ ಮಗಳ ಕೆನ್ನೆಯ ಮೇಲೆ ಮೊದಲ ಬೆರಳು ನಿನ್ನದಾಯಿತು. ಆ ಒಂದನ್ನು ನೀನು ಹಿಂದಕ್ಕೆ ಕೊಡಲಾರೆ, ಕೊಡೆಂದು ನಾನು ಕೇಳಲೂ ಆಗುವುದಿಲ್ಲ.

ಭಾನುವಾರ ಎಣ್ಣೆ ಬೆಚ್ಚಗೆ ಮಾಡಿ ಅಂಗಳದಲ್ಲಿಡು. ಹತ್ತಿಯ ವಿಷಯ ನಾನೇ ಅವಳಿಗೆ ಹೇಳಬೇಕೆಂದಿದ್ದೇನೆ. ಅವಳು ಬೇಡವೆನ್ನದಿದ್ದರೆ ಕೈಯಿಂದಲೇ ಹಚ್ಚಬೇಕೆಂದಿದ್ದೇನೆ. ಆ ಹೊತ್ತಿಗೆ ನೀನು ಲಾಲ್ ಅಹ್ಮದ್ ಅವರನ್ನು ಕರೆದುಕೊಂಡು ತೋಟಕ್ಕೆ ಹೋಗು. ನೀನು ಅಲ್ಲಿರಬೇಡ.